ಊರುಗಳ ಪೈಪೋಟಿ, ಕೇರಿಯ ಲೆಕ್ಕ

ನಮ್ಮ ಸೀಮೆಯಲ್ಲಿ ಒಂದು ಮಾತಿದೆ: ಬೇಲೂರು ಗುಡಿಯನ್ನು ಒಳಗೆ ನೋಡು, ಹಳೇಬೀಡು ಗುಡಿಯನ್ನು ಹೊರಗೆ ನೋಡು. ಮೇಷ್ಟರು ಮಕ್ಕಳಿಗೆ ಹೇಳುತ್ತಾರೆ, ಗೈಡುಗಳು ಪ್ರವಾಸಿಗಳಿಗೆ ಹೇಳುತ್ತಾರೆ. ಯಾವ ಊರು ದೊಡ್ಡದು ಅನ್ನುವ ಜಗಳಕ್ಕೆ ಈ ಮಾತು ಪಂಚಾಯ್ತಿಯ ತೀರ್ಪಿದ್ದ ಹಾಗೆ. ನಿನಗೆ ಒಳಗು, ನನಗೆ ಹೊರಗು, ಇಬ್ಬರಿಗೂ ಸಮಾಧಾನ. ಆದರೆ ಗೆಳೆಯರೆ, ಒಳಗೆ ಹೋಗಿ ನೋಡುವ ಹಕ್ಕು ಯಾರಿಗಿತ್ತು? ಈ ಪ್ರಶ್ನೆಯನ್ನು ಆ ಮಾತು ಕೇಳುವುದಿಲ್ಲ. ನಾವು ಕೇಳಬೇಕಾಗಿದೆ.

ಇತಿಹಾಸದಿಂದಲೇ ಶುರು ಮಾಡೋಣ. ಹೊಯ್ಸಳರು ಮೊದಲು ಬೇಲೂರಿನಲ್ಲಿದ್ದು ಆಳಿದರು, ಆಮೇಲೆ ದೋರಸಮುದ್ರ ರಾಜಧಾನಿಯಾಯಿತು. 1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ದೇವರನ್ನು ಪ್ರತಿಷ್ಠೆ ಮಾಡಿಸಿದ. ಕೆಲವೇ ವರ್ಷಗಳಲ್ಲಿ ರಾಜಧಾನಿಯಲ್ಲಿ ಹೊಯ್ಸಳೇಶ್ವರ ಗುಡಿ ಎದ್ದಿತು. ಅಲ್ಲಿ ವಿಷ್ಣು, ಇಲ್ಲಿ ಶಿವ. 1311ರಲ್ಲಿ ಮಲಿಕ್ ಕಾಫರನ ದಂಡು ದೋರಸಮುದ್ರಕ್ಕೆ ಬಂತು, ಮುಂದೆ ಇನ್ನೊಂದು ದಾಳಿಯೂ ಆಯಿತು. ರಾಜಧಾನಿ ಹಾಳುಬಿದ್ದು 'ಹಳೇಬೀಡು' ಅನ್ನುವ ಹೆಸರು ಉಳಿಯಿತು. ಒಂದು ಕಾಲದಲ್ಲಿ ಬೇಲೂರನ್ನು ಹಿಂದೆ ಹಾಕಿದ ರಾಜಧಾನಿ ಇವತ್ತು ಬೇಲೂರು ತಾಲ್ಲೂಕಿಗೆ ಸೇರಿದೆ.

ರಾಜರು ಹೋದ ಮೇಲೆ ರೈಲು ಬಂತು. 1889ರ ಹೊತ್ತಿಗೆ ಬೆಂಗಳೂರಿನಿಂದ ಹರಿಹರದ ಕಡೆಗೆ ಹಳಿ ಬಿದ್ದಾಗ ಅದು ಅರಸೀಕೆರೆಯ ಮೇಲೆ ಹೋಯಿತು. ಆಮೇಲೆ ಮೈಸೂರಿನಿಂದ ಹಾಸನದ ಮೇಲೆ ಬಂದ ಹಳಿಯೂ ಅಲ್ಲಿಗೇ ಸೇರಿತು. ಅರಸೀಕೆರೆ ಜಂಕ್ಷನ್ ಆಯಿತು, ಕೊಬ್ಬರಿ ವ್ಯಾಪಾರದ ಊರಾಯಿತು. ಅರಸೀಕೆರೆಯಲ್ಲೂ 1220ರ ಹೊತ್ತಿನ ಹೊಯ್ಸಳರ ಶಿವಾಲಯವಿದೆ. ಆದರೆ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ಮಾತ್ರ. ಒಂದು ಊರಿಗೆ ರೈಲು, ಇನ್ನೊಂದಕ್ಕೆ ಕೀರ್ತಿ. ಊರುಗಳು ಹೀಗೆ ಲೆಕ್ಕ ಹಾಕಿಕೊಳ್ಳುತ್ತವೆ.

ಈಗ ಕೇರಿಯ ಲೆಕ್ಕ ನೋಡೋಣ. ಬೇಲೂರು ಮತ್ತು ಮೇಲುಕೋಟೆಯ ಗುಡಿಗಳಿಗೆ ಹೊಲೆಯರು ವರ್ಷದಲ್ಲಿ ಗೊತ್ತಾದ ಕೆಲವು ದಿನ ಮಾತ್ರ ಹೋಗಬಹುದಿತ್ತು ಅಂತ ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಬೇಲೂರಿನ ಇನ್ನೊಂದು ಕತೆಯೂ ಅದರಲ್ಲಿದೆ. ಚನ್ನಕೇಶವ ತನ್ನ ದೇವಿಯನ್ನು ನೋಡಲು ಬಾಬಾಬುಡನ್ ಬೆಟ್ಟಕ್ಕೆ ನಡೆದು ಹೋಗುತ್ತಾನಂತೆ. ಅವನ ಚಪ್ಪಲಿ ಸವೆದಾಗ ಚನ್ನಗಿರಿ, ಬಸವಾಪಟ್ಟಣದ ಚಪ್ಪಲಿ ಹೊಲಿಯುವವರಿಗೆ ಕನಸು ಬೀಳುತ್ತದಂತೆ. ಅವರು ಹೊಸ ಜೋಡು ಮಾಡಿ ತಂದಾಗ ಅದನ್ನು ಒಪ್ಪಿಸಲು ಗುಡಿಯ ಅಂಗಳಕ್ಕೆ ಬಿಡುತ್ತಿದ್ದರು.

ಈ ಕತೆಯನ್ನು ಭಕ್ತಿಯ ಕತೆ ಅಂತ ಹೇಳಿ ಮುಗಿಸುತ್ತಾರೆ. ನಾವು ಹಾಗೆ ಮುಗಿಸಲಾರೆವು. ದೇವರ ಕಾಲಿಗೂ ನಮ್ಮವರು ಹೊಲಿದ ಚಪ್ಪಲಿ ಬೇಕು. ಚಪ್ಪಲಿ ಗುಡಿಯೊಳಗೆ ಉಳಿಯುತ್ತದೆ, ಹೊಲಿದ ಕೈ ಹೊರಗೆ ಬರಬೇಕು. ಬಳ್ಳಿಗಾವೆಯಿಂದ ಬಂದು ಶಿಲ್ಪ ಕಡೆದ ದಾಸೋಜ, ಅವನ ಮಗ ಚಾವಣ ಕಲ್ಲಿನ ಮೇಲೆ ಹೆಸರು ಬಿಟ್ಟು ಹೋದರು, ಸಂತೋಷ. ಕಲ್ಲು ಒಡೆದು, ಎಳೆದು ತಂದವರ ಹೆಸರೆಲ್ಲಿ? ಹರಿಜನರಿಗೂ ಗುಡಿ ಬಾಗಿಲು ತೆರೆಯಲು ಮೈಸೂರು ಸಂಸ್ಥಾನ ಕಾಯಿದೆ ಮಾಡಿದ್ದು 1948ರಲ್ಲಿ. ಗುಡಿ ಕಟ್ಟಿ ಎಂಟುನೂರು ವರ್ಷ ದಾಟಿತ್ತು.

ಇದೇ ಲೆಕ್ಕವನ್ನು ದೊಡ್ಡ ಊರುಗಳಿಗೂ ಹಾಕಬಹುದು. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕಿತ್ತುಕೊಂಡು ಬೆಂಗಳೂರಿಗೆ ಒಯ್ದರು. ಅರಮನೆ ಮೈಸೂರಿಗೆ, ಕಚೇರಿ ಬೆಂಗಳೂರಿಗೆ ಅನ್ನುವ ಪಾಲು ಅಲ್ಲಿಂದ ಶುರುವಾಯಿತು. 1916ರಲ್ಲಿ ವಿಶ್ವವಿದ್ಯಾನಿಲಯ ಮೈಸೂರಿಗೆ ಬಂತು. 1956ರಲ್ಲಿ ಏಕೀಕರಣವಾಗುವಾಗ ಹಳೇ ಮೈಸೂರಿನ ಪ್ರಬಲರಲ್ಲಿ ಹಲವರು ಹಿಂದೆ ಸರಿದರು. ಧಾರವಾಡದ ಕಡೆಯವರು ಸೇರಿದರೆ ಲಿಂಗಾಯತರ ಕೈ ಮೇಲಾಗುತ್ತದೆ, ಒಕ್ಕಲಿಗರ ಕೈ ಕೆಳಗಾಗುತ್ತದೆ ಅನ್ನುವ ಭಯ. ಊರಿನ ಅಭಿಮಾನದ ಮುಸುಕು ತೆಗೆದರೆ ಒಳಗೆ ಜಾತಿಯ ಎಣಿಕೆ ಕೂತಿತ್ತು. 1955ರಲ್ಲೇ ಬಾಬಾಸಾಹೇಬರು ಭಾಷಾವಾರು ರಾಜ್ಯಗಳ ಬಗ್ಗೆ ಬರೆಯುತ್ತಾ ಇದನ್ನು ಎಚ್ಚರಿಸಿದ್ದರು: ಭಾಷೆಯ ಹೆಸರಿನ ರಾಜ್ಯದಲ್ಲಿ ಸಂಖ್ಯೆ ಹೆಚ್ಚಿರುವ ಭೂಮಾಲೀಕ ಜಾತಿ ಒಡೆಯನಾಗುತ್ತದೆ, ಚಿಕ್ಕ ಜಾತಿಗಳು ಅದರ ಕಾಲಡಿಗೆ ಬೀಳುತ್ತವೆ.

1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು. ಮೈಸೂರು ಅನ್ನುವ ಹೆಸರು ಹೋಗುತ್ತದೆಂದು ಕೆಲವರಿಗೆ ಸಂಕಟ, ಇನ್ನು ಕೆಲವರಿಗೆ ಹಬ್ಬ. ಅದೇ ತಿಂಗಳು ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ, ಕನ್ನಡದಲ್ಲಿರುವ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಆಗ ಏನಾಯಿತು? ಹೆಸರಿಗಾಗಿ ಬೇರೆ ಬೇರೆ ಮಾತಾಡುತ್ತಿದ್ದ ಬೆಂಗಳೂರು, ಮೈಸೂರುಗಳ ಬೀದಿಗಳಲ್ಲಿ ಒಂದೇ ಕೂಗು ಎದ್ದಿತು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಬಸವಲಿಂಗಪ್ಪನವರು ಮಂತ್ರಿ ಸ್ಥಾನ ಬಿಡಬೇಕಾಯಿತು. ಊರು ಊರಿಗೆ ಎಷ್ಟೇ ವೈರ ಇರಲಿ, ಕೇರಿ ಬಾಯಿ ಬಿಟ್ಟಾಗ ಊರೆಲ್ಲಾ ಒಂದೇ. ಆ ನವೆಂಬರ್ ನಮಗೆ ಕಲಿಸಿದ ಪಾಠ ಇದು. ನಾವು ಒಂದಾಗಿದ್ದೂ ಆ ಏಟಿನಿಂದಲೇ.

ಹಾಗಾದರೆ ಊರುಗಳ ದೂರೆಲ್ಲ ಸುಳ್ಳೇ? ಹಾಗನ್ನುವುದು ತಪ್ಪಾಗುತ್ತದೆ. ಕಲಬುರಗಿ, ರಾಯಚೂರಿನ ಕಡೆಯ ನೋವು ನಿಜವಾದದ್ದು. 2002ರಲ್ಲಿ ನಂಜುಂಡಪ್ಪ ಸಮಿತಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಲೆಕ್ಕ ಕೊಟ್ಟಿತು. 2008ರಲ್ಲಿ ಧಾರವಾಡಕ್ಕೂ ಕಲಬುರಗಿಗೂ ಹೈಕೋರ್ಟು ಪೀಠ ಹೋಯಿತು. 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ನಿಂತಿತು. ಎಲ್ಲವೂ ಬೆಂಗಳೂರಿಗೇ ಯಾಕೆ ಅಂತ ಕೇಳುವುದು ನ್ಯಾಯ. ಆದರೆ ಮುಂದುವರಿದ ತಾಲ್ಲೂಕಿನ ಕೇರಿಯೂ ಮುಂದುವರಿಯಿತು ಅಂತ ಯಾವ ಸಮಿತಿ ಹೇಳಬಲ್ಲದು? ಊರಿಗೆ ಬಂದ ಪಾಲು ಊರ ಬಾಗಿಲಲ್ಲೇ ನಿಂತುಬಿಟ್ಟರೆ ಕೇರಿಗೆ ಅದು ಬೆಂಗಳೂರಿನಲ್ಲಿದ್ದರೇನು, ಬೇಲೂರಿನಲ್ಲಿದ್ದರೇನು?

ಆದ್ದರಿಂದ ಹಳ್ಳಿಯ ಮೇಷ್ಟರಲ್ಲಿ ನಮ್ಮದೊಂದು ಕೇಳಿಕೆ. ಮಕ್ಕಳನ್ನು ಬೇಲೂರಿಗೆ ಕರೆದುಕೊಂಡು ಹೋದಾಗ ಶಿಲಾಬಾಲಿಕೆಯರನ್ನು ತೋರಿಸಿ, ಬೇಡ ಅನ್ನುವುದಿಲ್ಲ. ಜೊತೆಗೆ ಆ ಚಪ್ಪಲಿಯ ಕತೆಯನ್ನೂ ಹೇಳಿ. ಹೊಲಿದವನು ಅಂಗಳದಿಂದ ಯಾಕೆ ಹಿಂದಿರುಗಿದ ಅಂತ ಮಕ್ಕಳನ್ನೇ ಕೇಳಿ. ಉತ್ತರ ಬರದಿದ್ದರೂ ಚಿಂತೆಯಿಲ್ಲ. ಒಳಗೆ ನೋಡು, ಹೊರಗೆ ನೋಡು ಅನ್ನುವ ಹಳೆಯ ಮಾತಿಗೆ ಆ ಪ್ರಶ್ನೆ ಸೇರಿಕೊಂಡರೆ, ಯಾವ ಊರು ದೊಡ್ಡದು ಅಂತ ಕೇಳುವ ಮುಂಚೆ ಊರು ಅಂದರೆ ಯಾರು ಅಂತ ಕೇಳುವ ಮಕ್ಕಳು ಬೆಳೆಯುತ್ತಾರೆ.