ಕಸದ ದಿಬ್ಬದಲ್ಲಿ ಶುಭಸಂದೇಶ ಮತ್ತು ಕನ್ನಡ



ಗ್ರೀಕ್-ರೋಮನ್ ಕಾಲದ ನಗರ ಎಂದಕೂಡಲೇ ಕೊರಿಂಥ, ಎಫೆಸ, ಫಿಲಿಪ್ಪಿ ನೆನಪಾಗುತ್ತವೆ. ಸಂತ ಪೌಲರ ಪತ್ರಗಳಿಂದ ಈ ಹೆಸರುಗಳು ನಮಗೆ ಪರಿಚಿತ. ಆದರೆ ಕ್ರೈಸ್ತರಾಗಿಯೂ ಕನ್ನಡಿಗರಾಗಿಯೂ ನಾವು ತಿಳಿಯಬೇಕಾದ ಇನ್ನೊಂದು ನಗರವಿದೆ. ಅದು ಈಜಿಪ್ಟಿನ ಆಕ್ಸಿರಿಂಕಸ್. ಹಾಗೆಂದರೆ ಚೂಪು ಮೂತಿಯ ಮೀನು. ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿ.ಮೀ. ದೂರದಲ್ಲಿ, ‘ಜೋಸೆಫನ ಕಾಲುವೆ’ ಎಂದು ಕರೆಯುವ ನೀರಿನ ದಡದಲ್ಲಿ ಅದು ಇತ್ತು.

ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರ್ ಈಜಿಪ್ಟನ್ನು ಗೆದ್ದ ಮೇಲೆ ಗ್ರೀಕರು ಅಲ್ಲಿ ನೆಲೆಸಿದರು. ಕ್ರಿ.ಪೂ. 30ರಲ್ಲಿ ದೇಶ ರೋಮಿನ ಕೈಸೇರಿತು. ನಗರದ ಗುಡಿ, ರಂಗಮಂದಿರಗಳ ಕಲ್ಲುಗಳನ್ನು ಮುಂದಿನವರು ಕಿತ್ತೊಯ್ದರು. ಉಳಿದದ್ದು ಊರಾಚೆಯ ಕಸದ ದಿಬ್ಬಗಳು. ನಮ್ಮ ವಯನಾಡಿನ ಮಳೆಗೆ ಕಾಗದ ಒಂದೆರಡು ವರ್ಷವೂ ಬಾಳದು. ಅಲ್ಲಿ ಮಳೆಯೇ ಅಪರೂಪ. ಹಾಗಾಗಿ ಜನ ಬಿಸಾಡಿದ ಪಪೈರಸ್ ಹಾಳೆಗಳು ಮರಳಿನಡಿ ಉಳಿದುಕೊಂಡವು.

1896ರ ಚಳಿಗಾಲದಲ್ಲಿ ಆಕ್ಸ್‌ಫರ್ಡಿನ ಗ್ರೆನ್‌ಫೆಲ್ ಮತ್ತು ಹಂಟ್ ಅಗೆಯಲು ತೊಡಗಿದರು. ತೆರಿಗೆ ಲೆಕ್ಕ, ಸಾಲಪತ್ರ, ಮನೆಗೆ ಬರೆದ ಓಲೆಗಳ ನಡುವೆ ಸಂತ ಮತ್ತಾಯನ ಶುಭಸಂದೇಶದ ಮೊದಲ ಅಧ್ಯಾಯದ ಒಂದು ಹಾಳೆ ಸಿಕ್ಕಿತು. ಮೂರನೆಯ ಶತಮಾನದ ಆ ಹಾಳೆಯಲ್ಲಿರುವುದು ಯೇಸುಸ್ವಾಮಿಯ ವಂಶಾವಳಿ. ಕ್ರಿಸ್ಮಸ್ ಹೊತ್ತಿನಲ್ಲಿ ನಾವು ಕೇಳುವ ಅದೇ ಹೆಸರುಗಳು!

ಅದೇ ದಿಬ್ಬಗಳಿಂದ ಒಂದು ಗ್ರೀಕ್ ಪ್ರಹಸನವೂ ಬಂತು. ಭಾರತದ ಕರಾವಳಿಯಲ್ಲಿ ಸೆರೆಯಾದ ಖಾರಿತಿಯೋನ್ ಎಂಬ ಗ್ರೀಕ್ ಹುಡುಗಿಯನ್ನು ಬಿಡಿಸಲು ಅವಳ ಅಣ್ಣ ಬರುತ್ತಾನೆ. ಅಲ್ಲಿನ ರಾಜನಿಗೆ ಚೆನ್ನಾಗಿ ಕುಡಿಸಿ ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ. ರಾಜನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಸ್ ವಾದಿಸಿದರು. ಎಲ್ಲರೂ ಒಪ್ಪಲಿಲ್ಲ: ಕೆಲವರು ತುಳು ಎಂದರು, ಕೆಲವರು ನಗಿಸಲು ಕಟ್ಟಿದ ಬರೀ ಸದ್ದು ಎಂದರು. ಈ ಮಾತುಗಳಲ್ಲಿ ಕನ್ನಡವನ್ನು ಹುಡುಕಿದವರಲ್ಲಿ ಮಂಜೇಶ್ವರದ ಗೋವಿಂದ ಪೈಗಳೂ ಒಬ್ಬರು. ಕ್ರಿಸ್ತನ ಶಿಲುಬೆ ಮರಣದ ಮೇಲೆ ‘ಗೊಲ್ಗೊಥಾ’ ಕಾವ್ಯ ಬರೆದವರೂ ಅವರೇ. ನಮ್ಮಂತೆ ಗಡಿಯ ಕನ್ನಡಿಗರು.

ತೋಲ್ಪೆಟ್ಟಿಯಲ್ಲಿ ಶಾಲೆಯ ಓದು ಮಲಯಾಳದಲ್ಲಿ ಸಾಗಿದರೂ, ಗಡಿ ದಾಟಿ ಕುಟ್ಟಕ್ಕೆ ಹೋದರೆ ಕನ್ನಡ ಕೇಳುತ್ತದೆ. ಅಜ್ಜಿಯ ಹಳೆಯ ಕನ್ನಡ ಜಪದ ಪುಸ್ತಕ, ಅಜ್ಜನ ಕಾಗದ, ಗೀತೆ ಬರೆದಿಟ್ಟ ನೋಟ್‌ಬುಕ್ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ಈ ಭಾನುವಾರವೇ ಒಂದೊಂದು ಪುಟದ ಫೋಟೊ ತೆಗೆದಿಡಿ. ಯಾರು ಬರೆದದ್ದು, ಯಾವಾಗ ಬರೆದದ್ದು ಎಂದು ಹಿರಿಯರನ್ನು ಕೇಳಿ ಗುರುತು ಹಾಕಿ. ಇಲ್ಲಿ ಕಾಪಾಡಲು ಮರಳಿಲ್ಲ, ನಾವೇ ಕಾಪಾಡಬೇಕು.