ಬ್ರಾಡ್ಲಿ, ಕಿಂಗ್

ಹಿರೋಮು ಅರಕಾವಾ ಅವರ ಜಪಾನಿ ಮಾಂಗಾ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ನ (2001–2010) ಪಾತ್ರ; ಅಮೆಸ್ಟ್ರಿಸ್ ಎಂಬ ಕಲ್ಪಿತ ದೇಶದ ಸೇನಾಡಳಿತದ ಮುಖ್ಯಸ್ಥ. ಎಡಗಣ್ಣಿಗೆ ಪಟ್ಟಿ, ದಪ್ಪ ಮೀಸೆ, ಮಾತಿನಲ್ಲಿ ಸಲಿಗೆ. ಆಸ್ಪತ್ರೆಯಲ್ಲಿ ಮಲಗಿರುವ ಕಥಾನಾಯಕ ಎಡ್ವರ್ಡ್‌ನನ್ನು ನೋಡಲು ಕರಬೂಜದ ಹಣ್ಣು ಹಿಡಿದು ಬರುತ್ತಾನೆ; ಕೆಳಗಿನವರ ಕಣ್ಣು ತಪ್ಪಿಸಿ ಕಿಟಕಿಯಿಂದ ಹಾರಿ ಹೋಗುತ್ತಾನೆ. ಓದುಗರೂ ಮೋಸಹೋಗುವುದು ಇಲ್ಲೇ. ನಿಜದಲ್ಲಿ ಆತ ‘ಕ್ರೋಧ’ ಎಂಬ ಕೃತಕ ಮಾನವ, ಹೋಮುನ್‌ಕ್ಯುಲಸ್: ಆಳುವುದಕ್ಕೆಂದೇ ಸಾಕಿ ಬೆಳೆಸಿದವರ ಮೈಗೆ ಸ್ಪರ್ಶಮಣಿಯ ದ್ರವ ಚುಚ್ಚಿದಾಗ ಬದುಕುಳಿದವನು. ಪಟ್ಟಿಯ ಹಿಂದಿನ ಕಣ್ಣಿಗೆ ಎದುರಾಳಿಯ ಚಲನೆ ಮೊದಲೇ ಗೋಚರ. ಇಶ್ವಲ್ ಎಂಬ ಪ್ರದೇಶದ ಜನರ ನರಮೇಧಕ್ಕೆ ಆಜ್ಞೆಯಿತ್ತವನೂ ಈತನೇ. ದತ್ತುಮಗ ಸೆಲಿಮ್ ಕೂಡ ಮನುಷ್ಯನಲ್ಲ. ಬದುಕಿನಲ್ಲಿ ತಾನಾಗಿ ಆರಿಸಿಕೊಂಡದ್ದು ಹೆಂಡತಿಯನ್ನು ಮಾತ್ರ. 2003ರ ಅನಿಮೆಯಲ್ಲಿ ಇವನಿಗೆ ‘ಕ್ರೋಧ’ದ ಬದಲು ‘ಅಹಂಕಾರ’ದ ಪಾತ್ರ, 2009ರ ಸರಣಿ ಮೂಲಕ್ಕೆ ನಿಷ್ಠ.