ಕಿತ್ತೂರಿನಲ್ಲಿ ಸೆರೆಯಾಗಿದ್ದ ಪರದೇಶಿ

ಕಿತ್ತೂರಿನ ಕಥೆಯನ್ನು ಬೈಲಹೊಂಗಲ ಸೀಮೆಯವರಾದ ನಾವು ಎಳೆತನದಿಂದ ಕೇಳುತ್ತ ಬಂದವರು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ ಸೇಂಟ್ ಜಾನ್ ಥ್ಯಾಕರೆ ಕಿತ್ತೂರು ಕೋಟೆಯೆದುರು ಮಡಿದುದು, ಮುಂದೆ ರಾಣಿ ಚೆನ್ನಮ್ಮ ಸೋತು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿ 1829ರ ಫೆಬ್ರವರಿಯಲ್ಲಿ ಕೊನೆಯುಸಿರೆಳೆದುದು, ಇವು ಇಲ್ಲಿ ಎಲ್ಲರಿಗೂ ಬಾಯಿಪಾಠ. ಆದರೆ ಆ ದಿನ ಜೀವಸಹಿತ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳ ಮುಂದಿನ ಸಂಗತಿಯನ್ನು ಕೇಳುವವರು ಕಡಿಮೆ. ಒಬ್ಬ ಸ್ಟೀವನ್‌ಸನ್. ಇನ್ನೊಬ್ಬ ವಾಲ್ಟರ್ ಎಲಿಯಟ್, ಸ್ಕಾಟ್ಲೆಂಡಿನ ತರುಣ. ಆಗ ಅವನಿಗೆ 21 ವರ್ಷ.

ಇಂಥ ಹುಡುಗರು ಮನೆಮಾರು ಬಿಟ್ಟು ತಿಂಗಳುಗಟ್ಟಲೆ ಹಡಗಿನಲ್ಲಿ ಕುಳಿತು ಬರುತ್ತಿದ್ದರು. ಮಡಿದ ಥ್ಯಾಕರೆಯ ಮನೆತನವನ್ನೇ ನೋಡಿರಿ. ಅವನ ಅಣ್ಣ ಕಲಕತ್ತೆಯಲ್ಲಿ ಅಧಿಕಾರಿಯಾಗಿದ್ದು 1815ರಲ್ಲಿ ಅಲ್ಲಿಯೇ ಸತ್ತನು. ಅಣ್ಣನ ಮಗನನ್ನು ಐದು ವರ್ಷದವನಿರುವಾಗಲೇ ತಾಯಿಯ ಮಡಿಲಿನಿಂದ ಬಿಡಿಸಿ ಇಂಗ್ಲೆಂಡಿನ ಹಡಗು ಹತ್ತಿಸಿದರು. ಆ ಹುಡುಗನೇ ಮುಂದೆ ಹೆಸರಾಂತ ಕಾದಂಬರಿಕಾರನಾದ ವಿಲಿಯಂ ಥ್ಯಾಕರೆ. ಪರದೇಶದಲ್ಲಿ ಅಧಿಕಾರ ನಡೆಸಿದವರ ಸಂಸಾರಗಳು ಹೀಗೆ ಒಂದೊಂದು ಮೂಲೆಗೆ ಚದುರುತ್ತಿದ್ದವು. ಅವರನ್ನು ಇಲ್ಲಿಗೆ ಯಾರೂ ಕರೆದಿರಲಿಲ್ಲವೆಂಬುದೂ ಅಷ್ಟೇ ನಿಜ.

ಎಲಿಯಟ್ ಸುಮಾರು ಆರು ವಾರ ಕಿತ್ತೂರಿನವರ ಸೆರೆಯಲ್ಲಿದ್ದನು. ಡಿಸೆಂಬರ್ ಮೊದಲಲ್ಲಿ ಅವನ ಬಿಡುಗಡೆಯಾಯಿತು. 5ರಂದು ಕೋಟೆ ಕಂಪನಿಯ ಕೈಸೇರಿತು. ಅವನದು ಆರು ವಾರದ ಸೆರೆ. ಚೆನ್ನಮ್ಮನದು ನಾಲ್ಕು ವರ್ಷಕ್ಕೂ ಮಿಕ್ಕಿದ್ದು, ಅದೂ ತನ್ನದೇ ನೆಲದಲ್ಲಿ. ಈ ಲೆಕ್ಕವನ್ನು ಮರೆತು ಎಲಿಯಟ್‌ನನ್ನು ಹೊಗಳಲು ನನ್ನಿಂದಾಗದು. ಆದರೂ ಅವನನ್ನು ಬಿಟ್ಟು ಕನ್ನಡನಾಡಿನ ಇತಿಹಾಸ ಬರೆಯುವುದೂ ಆಗದು.

ಜೀವಕ್ಕೆ ಕುತ್ತು ಬಂದ ಸೀಮೆಯನ್ನು ಬಿಟ್ಟೋಡುವುದು ಲೋಕರೂಢಿ. ಈತನಾದರೋ 1833ರವರೆಗೆ ಇಲ್ಲಿಯೇ ಉಳಿದು, ಜನರ ಮಾತಿಗೆ ಕಿವಿಗೊಟ್ಟನು. ‘ದಕ್ಷಿಣ ಮರಾಠಾ ಸೀಮೆ’ಯ ಪ್ರಾಣಿಗಳ ಬಗೆಗೆ ಅವನು ಬರೆದ ಪಟ್ಟಿಯೊಂದು 1839ರ ಸುಮಾರಿಗೆ ಮದರಾಸಿನಲ್ಲಿ ಅಚ್ಚಾಯಿತು. (ಕನ್ನಡದ ನೆಲಕ್ಕೆ ಆ ಹೆಸರು ಅಂಟಿದ ಕಥೆ ಬೇರೆ.) ಅದರಲ್ಲಿ ಎರೆಹೊಲದ ಇಲಿಗಳಿಗೂ ನಮ್ಮವರ ಬಾಯಿಯ ಹೆಸರುಗಳಿವೆ. 1826ರಲ್ಲಿ ಮಳೆ ಕಡಿಮೆಯಾಗಿ ಇಲಿಗಳು ವಿಪರೀತ ಹೆಚ್ಚಿದವು. ಬಿತ್ತಿದ ಬೀಜವನ್ನು ತಿಂದವು, ಮತ್ತೆ ಬಿತ್ತಿದರೆ ಅದನ್ನೂ ತಿಂದವು, ಉಳಿದ ಜೋಳದ ದಂಟು ಹತ್ತಿ ತೆನೆ ಕಡಿದವು. ಕೆರೆ ಅಗೆಯುವ ವಡ್ಡರನ್ನು ರೈತರು ಕರೆಸಿ, ಇಷ್ಟು ಡಜನ್ ಇಲಿಗೆ ಇಷ್ಟು ಕಾಳು ಎಂದು ಅಳೆದುಕೊಟ್ಟರು. ಸಾವಿರಗಟ್ಟಲೆ ಕೊಂದರೂ ಇಲಿಗಳು ಕಡಿಮೆಯಾದಂತೆ ಕಾಣಲಿಲ್ಲವಂತೆ! ದಫ್ತರದಲ್ಲಿ ಕುಳಿತವನಿಗೆ ಈ ವಿವರ ಸಿಕ್ಕುವುದಿಲ್ಲ. ಹೊಲದ ಬದುವಿನಲ್ಲಿ ನಿಂತು ಮಾತಾಡಿರಬೇಕು.

ಆ ಇಲಿಯನ್ನು ವಡ್ಡರು ‘ಮೆಟ್ಟಾಡ’ ಎನ್ನುತ್ತಿದ್ದರು. ಲಂಡನ್ನಿನಲ್ಲಿ ಅದು ‘ಮೆಲ್ಟಾಡ’ ಎಂದು ಅಚ್ಚಾಗಿ, ಶಾಸ್ತ್ರೀಯ ಹೆಸರಿನಲ್ಲಿ ಇಂದಿಗೂ ಹಾಗೆಯೇ ಉಳಿದಿದೆ. ಕನ್ನಡಿಗರ ‘ಗುಲಾಂದಿ’ ಇಲಿಯೂ 1837ರಲ್ಲಿ ‘ಗೊಲುಂಡ ಎಲಿಯೊಟಿ’ ಆಯಿತು. ನಮ್ಮ ಹೊಲದ ಹೆಸರೂ ಕಿತ್ತೂರಿನ ಸೆರೆಯಾಳಿನ ಹೆಸರೂ ಒಂದೇ ಇಲಿಯ ಬೆನ್ನೇರಿದುದು ತಮಾಷೆಯ ಸಂಗತಿ.

ಇದಕ್ಕಿಂತ ಹಿರಿದು ಅವನ ಶಾಸನಗಳ ಕೆಲಸ. ಗುಡಿಯ ಗೋಡೆಗೂ ಕೆರೆಯ ಏರಿಗೂ ಒರಗಿದ್ದ ಕಲ್ಲುಗಳ ಹಳಗನ್ನಡವನ್ನು, ಅದನ್ನು ಓದಬಲ್ಲ ದೇಶೀಯರ ನೆರವಿನಿಂದ ಅವನು ನಕಲು ಮಾಡಿಸಿದನು. ಹಾಗೆ ಕೂಡಿದ ಶಾಸನಗಳು 595. ಇವುಗಳ ಆಧಾರದಿಂದ ಚಾಲುಕ್ಯ, ಕಳಚುರಿ, ಯಾದವ, ಹೊಯ್ಸಳ ಅರಸರ ವಂಶಾವಳಿಯನ್ನು ಹೊಂದಿಸಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಮುಂದೆ ಫ್ಲೀಟ್ ಕಟ್ಟಿದ ಇತಿಹಾಸಕ್ಕೆ ಇದೇ ತಳಹದಿಯ ಕಲ್ಲು. ಕನ್ನಡದ ಕಲ್ಲುಗಳ ನಕಲು ಮಾತ್ರ ಹಡಗು ಹತ್ತಿತು. ಆದರೆ 1845ರಲ್ಲಿ ಇದೇ ಎಲಿಯಟ್ ಅಮರಾವತಿಯ ಸ್ತೂಪದಲ್ಲಿ ಅಗೆಸಿದ ಅಮೃತಶಿಲೆಗಳು ತಾವೇ ಲಂಡನ್ನಿಗೆ ಹೋದವು, ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ.

1833ರ ಕೊನೆಗೆ ರಜೆ ಪಡೆದು ಹೊರಟವನು ನೆಟ್ಟಗೆ ಊರಿಗೆ ಹೋಗಲಿಲ್ಲ. ಕೆಂಪು ಸಮುದ್ರ, ಈಜಿಪ್ತ, ಜೆರೂಸಲೇಮ್, ಕಾನ್‌ಸ್ಟಾಂಟಿನೋಪಲ್, ಅಥೆನ್ಸ್, ರೋಮ್ ನೋಡುತ್ತ 1835ರ ಮೇ ತಿಂಗಳಲ್ಲಿ ಇಂಗ್ಲೆಂಡ್ ಮುಟ್ಟಿದನು. ಮದುವೆಯಾದದ್ದು 1839ರ ಜನವರಿಯಲ್ಲಿ, ಅದೂ ತವರಿನಲ್ಲಲ್ಲ, ಮದರಾಸಿನಲ್ಲೂ ಅಲ್ಲ. ನಡುದಾರಿಯ ಮಾಲ್ಟಾ ದ್ವೀಪದಲ್ಲಿ! ಎರಡು ನೆಲಗಳ ನಡುವೆ ಬಾಳಿದವನಿಗೆ ಒಪ್ಪುವ ಜಾಗವೇ ಸರಿ.

1860ರಲ್ಲಿ ನಿವೃತ್ತನಾಗಿ ಸ್ಕಾಟ್ಲೆಂಡಿನ ಉಲ್ಫ್‌ಲೀಯಲ್ಲಿ ನೆಲೆಸಿದನು. ಮುಪ್ಪಿನಲ್ಲಿ ಕಣ್ಣು ಹೋದವು. ಆದರೂ ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ಪುಸ್ತಕ ಮುಗಿಸಿದನು. 1887ರ ಮಾರ್ಚ್ 1ರಂದು, ತೀರಿಕೊಂಡ ದಿನದ ಬೆಳಗ್ಗೆ, ತಮಿಳು ಪಂಡಿತ ಪೋಪ್‌ಗೆ ಒಂದು ಕಾಗದ ಬರೆಯಿಸಿ ತಾನೇ ರುಜು ಹಾಕಿದನು. ಅದು ಹಳೆಯ ತಮಿಳು ಕಾವ್ಯಗಳ ಪ್ರಕಟಣೆಯ ಮಾತು. ಕನ್ನಡದ ಮಾತಾಗಬಾರದಿತ್ತೇ ಎಂದು ನನಗೆ ತುಸು ಹೊಟ್ಟೆಕಿಚ್ಚು.